ಐದು ಎಣಿಸುವಷ್ಟು ಹೊತ್ತು

ಹೆಂಡತಿಯ ಮಾತಿನ ಹಲಗೆಗೆ ಹಾಕಲೆಂದು ಊಟದ ಮೇಜಿನ ಮೇಲೆ ಎರಡು ಪ್ರೊಸೆಸರ್ ಬೋರ್ಡುಗಳನ್ನಿಟ್ಟುಕೊಂಡು ಮೇಷ್ಟ್ರು ಬೆಳಗಿನಿಂದ ಅಳೆದೂ ಸುರಿದೂ ನೋಡುತ್ತಿದ್ದರು. ಒಂದು ಮೊಬೈಲಿನ ಜಾತಿಯದು. ತಣ್ಣಗಿರುತ್ತದೆ, ಬ್ಯಾಟರಿ ದಿನವಿಡೀ ಬರುತ್ತದೆ. ಆದರೆ ಕಾರ್ಖಾನೆಯವರು ಅದರ ಒಳಗುಟ್ಟು ಬಿಟ್ಟುಕೊಡದ ಕಾರಣ ಮೇಷ್ಟ್ರ ಆಪರೇಟಿಂಗ್ ಸಿಸ್ಟಮ್ ಅದರ ಮೇಲೆ ಕುಂಟುತ್ತದೆ. ಇನ್ನೊಂದು ಕಂಪ್ಯೂಟರಿನ ಜಾತಿಯದು. ಕೆಂಡದಂತೆ ಕಾಯುತ್ತದೆ, ಎರಡು ಗಂಟೆಗೊಮ್ಮೆ ಚಾರ್ಜು ಬೇಡುತ್ತದೆ, ಆದರೆ ವೇಗದಲ್ಲಿ ಮಿಂಚು.

"ಅಂಗಡೀಲಿ ಸಿಗೋ ಟ್ಯಾಬ್ಲೆಟ್ಟೇ ತಂದುಬಿಡಿ ಅಪ್ಪ," ಎಂದಳು ಮಗಳು. "ನಿಮ್ಮ ಸಿಸ್ಟಮ್ಮನ್ನ ಇಡೀ ಪ್ರಪಂಚದಲ್ಲಿ ನಲವತ್ತು ಜನ ಬಳಸಿದ್ರೆ ಹೆಚ್ಚು."

"ಆ ನಲವತ್ತರಲ್ಲಿ ನಿಮ್ಮಮ್ಮ ಒಬ್ಬಳು. ಅಂಗಡೀದಾದ್ರೆ ಅವಳು ನೀರು ಕೇಳೋ ಹೊತ್ತಿಗೆ ಜಾಹೀರಾತು ತೋರಿಸುತ್ತೆ."

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಹೆಂಡತಿಯ ಮಾತು ನಿಂತಾಗ ಮೇಷ್ಟ್ರು ಈ ಮಾತಿನ ಹಲಗೆಯನ್ನು ಕೈಯಾರೆ ಕಟ್ಟಿದ್ದರು. ಚೌಕಕ್ಕೊಂದು ಪದ, ಪ್ರತಿ ಪದಕ್ಕೂ ಮುದ್ರಿಸಿಟ್ಟ ಮಗಳ ದನಿ. ಪದಗಳನ್ನು ಮುಟ್ಟಿ 'ಹೇಳು' ಒತ್ತಿದರೆ ಐದು ಎಣಿಸಿದ ಮೇಲೆ ಬಾಯಿ ಬಿಡುತ್ತಿತ್ತು. ಮನೆಯಲ್ಲಿ ಅದಕ್ಕೆ ಕುಂಭಕರ್ಣ ಎಂದೇ ಹೆಸರು. ಈಗ ಅದರ ಹಳೆಯ ಬೋರ್ಡು ಕೈಕೊಡುವ ಹಂತಕ್ಕೆ ಬಂದಿತ್ತು.

ಆ ಐದು ಎಣಿಕೆಯೇ ಮೇಷ್ಟ್ರಿಗೆ ಮುಳ್ಳಾಗಿತ್ತು. ಹೆಂಡತಿ 'ಹೇಳು' ಒತ್ತಿ, ದನಿ ಬರುವ ಮುಂಚೆಯೇ 'ಅಳಿಸು' ಒತ್ತಿ ಮುಖ ತಿರುಗಿಸುವುದನ್ನು ಎಷ್ಟೋ ಸಲ ನೋಡಿದ್ದರು. ಪಾಪ, ಕಾದು ಕಾದು ಬೇಸತ್ತು ಬಿಟ್ಟುಬಿಡುತ್ತಾಳೆ ಎಂದು ಅವರು ಅಂದುಕೊಂಡಿದ್ದರು.

"ಬೋರ್ಡು ಕೆಂಡದ ಹಾಗೆ ಕಾದ್ರೆ ಕಾಯಲಿ, ಈ ಮಿಂಚನ್ನೇ ಹಾಕ್ತೀನಿ," ಎಂದರು.

ಮೂರನೆಯ ದಿನ ಹಲಗೆಯನ್ನು ಹೆಂಡತಿಯ ಮಡಿಲಲ್ಲಿಟ್ಟರು. "ತಗೊಳ್ಳೇ. ಇನ್ಮೇಲೆ ಬಾಯಿ ಇದ್ದೋರಿಗಿಂತ ನಿಂದೇ ಜೋರು. ಏನಾದ್ರೂ ಹೇಳು ನೋಡೋಣ!"

ಅವಳು ನಕ್ಕಳು. ಬೆರಳು ರೂಢಿಯ ದಾರಿಯಲ್ಲಿ ತಾನಾಗಿ ಹರಿಯಿತು. ಮೂರು ಚೌಕ, ಆಮೇಲೆ 'ಹೇಳು'.

"ನನಗೆ ನಾಳೆ ಬೇಡ," ಎಂದಿತು ಹಲಗೆ ತಟ್ಟನೆ, ಮಗಳ ಗೆಲುವಿನ ದನಿಯಲ್ಲಿ.

ಬಾಗಿಲ ಬಳಿ ಮಗಳು ನಿಂತಲ್ಲೇ ನಿಂತಳು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಎರಡು ವರ್ಷ ಹೆಂಡತಿ ಇದೇ ಮಾತನ್ನು ದಿನವೂ ಆಡಿ, ಐದು ಎಣಿಸುವುದರೊಳಗೆ ದಿನವೂ ಹೋಗದಂತೆ ಹಿಡಿದುಕೊಂಡಿದ್ದಳು. ಮೇಷ್ಟ್ರಿಗೆ ಏನನ್ನಾದರೂ ಹಿಡಿದುಕೊಳ್ಳಬೇಕೆನಿಸಿತು. ಸಿಕ್ಕಿದ್ದು ಕುರ್ಚಿಯ ಬೆನ್ನು.

ಹಲಗೆಯ ತೆರೆ ಆಗಲೇ ಖಾಲಿಯಾಗಿತ್ತು. ಅವಳ ಬೆರಳು ಮಾತ್ರ 'ಅಳಿಸು' ಚೌಕವನ್ನು ಒತ್ತುತ್ತಲೇ ಇತ್ತು.