ಕೋರಾಳ ಮದುವೆ

"ಆ ವಿಧವೆಗೆ ಈ ವಾರದೊಳಗೆ ಮದುವೆ ಮಾಡ್ಸಿ. ಆಗಲ್ಲ ಅಂದ್ರೆ ನಾನು ದುಡ್ಡು ನಿಲ್ಲಿಸ್ತೀನಿ," ಎಂದು ಸೋಪು ಕಂಪನಿಯ ಮಾಲೀಕ ಡನಿಂಗ್ ಸಿಗಾರಿನ ಬೂದಿ ಕೊಡವಿದ.

ಆ ವಿಧವೆ ಎಂದರೆ ಕೋರಾ, ಮಧ್ಯಾಹ್ನದ ಧಾರಾವಾಹಿಯ ನಾಯಕಿ. ಸತ್ತ ಗಂಡನ ಗ್ಯಾರೇಜನ್ನು ತಾನೇ ನಡೆಸುವವಳು. ಅವಳನ್ನು ಹುಟ್ಟಿಸಿದವಳು ವರ್ನಾ ಟಟಲ್. ನ್ಯೂಯಾರ್ಕಿನ ಆ ಟೆಲಿವಿಷನ್ ಸಂಸ್ಥೆಯಲ್ಲಿ ಉಪಾಧ್ಯಕ್ಷರ ಕುರ್ಚಿಗೆ ಏರಿದ ಮೊದಲ ಹೆಂಗಸು. ಧಾರಾವಾಹಿ ನಡೆಯುತ್ತಿದ್ದುದೇ ಡನಿಂಗ್‌ನ ಸೋಪಿನ ಜಾಹೀರಾತಿನ ದುಡ್ಡಿನಲ್ಲಿ, ಅವನು ನಿಲ್ಲಿಸಿದರೆ ಅದು ಸಾಯುತ್ತಿತ್ತು. ಮದುವೆ ಮಾಡಿಸಿದರೆ ಕೋರಾ ಗ್ಯಾರೇಜಿಗೆ ಬೀಗ ಹಾಕಿ ಅಡುಗೆಮನೆ ಸೇರುತ್ತಿದ್ದಳು.

"ನಾನೂ ಮೊದಲಿಂದ ಅದೇ ಬಡ್ಕೊಳ್ತಿದ್ದೆ ಸರ್," ಎಂದ ಪಕ್ಕದಲ್ಲಿದ್ದ ಇನ್ನೊಬ್ಬ ಉಪಾಧ್ಯಕ್ಷ ಪ್ರೆಸ್ಕಾಟ್. ಅವನು ಈ ಮಾತು ಆಡಿದ್ದು ಅಂದೇ ಮೊದಲು.

"ಸರ್, ಧಾರಾವಾಹಿಯಲ್ಲಿ ನಿಮಗೆ ಯಾವುದು ಹಿಡಿಸಲಿಲ್ಲ?" ವರ್ನಾ ಕೇಳಿದಳು.

"ನಾನೆಲ್ಲಮ್ಮ ನೋಡ್ಲಿ? ಆ ಹೊತ್ತಲ್ಲಿ ಆಫೀಸಲ್ಲಿರ್ತೀನಿ. ಗಾಲ್ಫ್ ಆಡೋವಾಗ ಯಾರೋ, ಹೆಂಗಸು ಗ್ಯಾರೇಜ್ ನಡೆಸ್ತಾಳಂತೆ ಅಂತ ಹೇಳಿ ನಕ್ಕ."

"ಮನೆಯವರು ನೋಡ್ತಾರಾ?"

"ಅವಳು ಒಂದಿನಾನೂ ಬಿಡಲ್ಲ. ರಾತ್ರಿ ಊಟಕ್ಕೆ ಕೂತ್ರೆ ಅದೇ ಕತೆ ಶುರು. ಅದನ್ನೆಲ್ಲ ಯಾರು ಕೇಳಿಸ್ಕೊಳ್ತಾರೆ?"

ವರ್ನಾ ಕಾಫಿ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟಳು. ಆ ಕಾಲದಲ್ಲಿ ಧಾರಾವಾಹಿ ಸ್ಟುಡಿಯೋದಲ್ಲಿ ಆಡಿದ ಹಾಗೇ ನೇರಪ್ರಸಾರವಾಗಿ ಮನೆಗಳಿಗೆ ಹೋಗುತ್ತಿತ್ತು. ಹೆಂಗಸರು ನೋಡುವ ಮಧ್ಯಾಹ್ನದ ಕತೆಯನ್ನು ಫಿಲಂಗೆ ಹಿಡಿದಿಡಲು ಯಾರೂ ಕಾಸು ಬಿಚ್ಚುತ್ತಿರಲಿಲ್ಲ. ಆಡಿದ ಕ್ಷಣಕ್ಕೇ ಅದರ ಗುರುತು ಅಳಿಸಿಹೋಗುತ್ತಿತ್ತು.

"ಮದುವೆ ಹೋದ ವಾರವೇ ಆಯ್ತಲ್ಲ ಸರ್," ಎಂದಳು.

ಡನಿಂಗ್ ಪ್ರೆಸ್ಕಾಟ್ ಕಡೆ ತಿರುಗಿದ. "ಹೌದೇನಯ್ಯಾ?"

ಪ್ರೆಸ್ಕಾಟ್ ರೆಪ್ಪೆಯನ್ನೂ ಬಡಿಯಲಿಲ್ಲ. "ಕಣ್ಣಾರೆ ನೋಡಿದೆ ಸರ್. ಹುಡುಗಿ ಅತ್ಬಿಟ್ಳು. ನಾನೇ ಹಟ ಹಿಡಿದು ಬರೆಸಿದ್ದು."

"ಹಂಗಾದ್ರೆ ತಲೆ ಇರೋನು ಒಬ್ಬನಾದ್ರೂ ಇದ್ದೀಯ," ಎಂದು ಡನಿಂಗ್ ಅವನ ಬೆನ್ನು ತಟ್ಟಿದ. "ಈ ಹೆಂಗಸರ ಕಾರ್ಯಕ್ರಮ ಎಲ್ಲಾ ಇನ್ಮೇಲೆ ನೀನೇ ನೋಡ್ಕೊ. ಈಯಮ್ಮ ನಿನ್ನ ಕೈಕೆಳಗೆ ಇರ್ಲಿ. ನಿಮ್ಮ ಅಧ್ಯಕ್ಷರಿಗೆ ನಾನು ಹೇಳ್ತೀನಿ."

ವರ್ನಾ ಬಾಯಿ ತೆರೆದಳು. ನಿಜ ಹೇಳಿದರೆ ಪ್ರೆಸ್ಕಾಟ್ ಮುಳುಗುತ್ತಿದ್ದ, ಜೊತೆಗೆ ಕೋರಾಳೂ. ತೆರೆದ ಬಾಯಿಗೆ ಒಂದು ಬಿಸ್ಕತ್ತು ಹಾಕಿಕೊಂಡಳು.

ಆ ಶುಕ್ರವಾರ ಸೋಪು ಕಂಪನಿಯಿಂದ ಮೂರಂತಸ್ತಿನ ಮದುವೆ ಕೇಕು ಸ್ಟುಡಿಯೋಗೆ ಬಂತು. ಕೋರಾಳ ಪಾತ್ರದ ನಟಿ ಆಗತಾನೇ ಲಾರಿಯ ಅಡಿಯಿಂದ ಎದ್ದು ಬಂದಿದ್ದಳು. ಗ್ರೀಸು ಮೆತ್ತಿದ ಕೈಯಲ್ಲೇ ಕೇಕಿನ ತುದಿ ಮುರಿದು ಬಾಯಿಗಿಟ್ಟುಕೊಂಡಳು.

"ಮದುವೆ ಯಾರದು ಮೇಡಂ?"

"ನಿಂದೇ ಕಣೇ."

"ನಂದಾ? ಗಂಡು ಯಾರು?"

"ನಂಗೇನು ಗೊತ್ತು?" ವರ್ನಾ ತಾನೂ ಒಂದು ಚೂರು ಮುರಿದುಕೊಂಡಳು. "ಹೊಸ ಬಾಸ್‌ನ ಕೇಳು. ಆ ಮದುವೆ ನೋಡಿರೋದು ಅವರೊಬ್ಬರೇ."