ಕರೆದರೆ ಬರುವವರು

ಮೂರನೇ ಸಲ ಎಳೆದ ಬಲೆಯಲ್ಲೂ ದೊಡ್ಡ ಮೀನುಗಳು ಸಿಗಲಿಲ್ಲ. ಸಣ್ಣಪುಟ್ಟವು ದಡದ ಮೇಲೆ ರಾಶಿ ಬಿದ್ದಿದ್ದವು. ಮೊಳದುದ್ದದ ಹಳೆಯ ಗೆಂಡೆ ಮೀನುಗಳು ಮಾತ್ರ ಬಲೆಯ ಅಂಚಿನಡಿ ನುಸುಳಿ, ಇಲ್ಲವೇ ಮೇಲಿಂದ ಹಾರಿ, ಕೆರೆಯ ನಡುವಿನ ಆಳಕ್ಕೆ ಹೋಗಿ ಕೂತುಬಿಟ್ಟಿದ್ದವು. ಬಲೆಯವರ ಮುಖಂಡ ಕುಕ್ಕರಗಾಲಲ್ಲಿ ಕೂತು ಒದ್ದೆ ಬನಿಯನ್ ಹಿಂಡುತ್ತ, "ಇವು ಬಲೆ ಕಂಡ ಕೂಡಲೇ ಕಂಬಿ ಕೀಳ್ತವೆ ಮೇಡಂ. ನಮ್ಮ ಕೈಲಾಗಲ್ಲ," ಎಂದ.

ಮೇಡಂ ಎನಿಸಿಕೊಂಡವಳು ಕೆರೆಯನ್ನು ಸರಿಪಡಿಸುವ ಕೆಲಸಕ್ಕೆ ನೇಮಕವಾಗಿದ್ದ ಜೀವಶಾಸ್ತ್ರಜ್ಞೆ. ಊರಿನ ಕೊಳಚೆ ಪೈಪನ್ನು ಬೇರೆ ಕಡೆ ತಿರುಗಿಸುವಷ್ಟರಲ್ಲಿ ಕಚೇರಿಗಳಿಗೆ ಅಲೆದು ಅವಳ ಚಪ್ಪಲಿ ಸವೆದಿತ್ತು. ನೊರೆ ಹೋಯಿತು, ನಾತ ಹೋಯಿತು. ನೀರಿನ ರಾಡಿ ಮಾತ್ರ ಹೋಗಲಿಲ್ಲ. ಎಂದೋ ಯಾರೋ ತಂದು ಬಿಟ್ಟ ಗೆಂಡೆಗಳು ತಳದ ಕೆಸರನ್ನು ಸದಾ ಮೂತಿಯಿಂದ ಕೆದಕುತ್ತ, ಅವಳು ನೆಡಿಸಿದ ನೀರುಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ತೇಲಿಸುತ್ತಿದ್ದವು. ಗಿಡ ನಿಲ್ಲದೆ ನೀರು ತಿಳಿಯಾಗದು. ದೊಡ್ಡವು ನಾಲ್ಕೇ ಉಳಿದರೂ ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಮತ್ತೆ ಮೊದಲಿನ ಕಥೆಯೇ.

ಅವಳು ತಲೆಯೆತ್ತಿ ಎದುರಿನ ಕಟ್ಟಡವನ್ನು ನೋಡಿದಳು. ಎರಡನೇ ಮಹಡಿಯ ಬಾಲ್ಕನಿಯ ಬಾಗಿಲು ಬೆಳಗಿನಿಂದ ಮುಚ್ಚಿತ್ತು. ಒಳಗೆ ಅವಳ ಅತ್ತೆ ಇದ್ದರು. ಮಂಡಿಯ ಆಪರೇಶನ್ ಆದಮೇಲೆ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ನೆಪವಾಗಿ, ಅತ್ತೆ ಕೆರೆಯ ಮೆಟ್ಟಿಲಿಗೆ ಬಂದು ಬ್ರೆಡ್ಡು ಮುರಿದು ಹಾಕತೊಡಗಿ ವರ್ಷಗಳಾಗಿದ್ದವು. ಊರುಗೋಲಿನಿಂದ ಮೆಟ್ಟಿಲು ಕುಟ್ಟಿ "ಬರ್ರೋ, ಬರ್ರೋ" ಎಂದರೆ ಸಾಕು, ಗೆಂಡೆಗಳು ಬಾಯಿ ಬಿಟ್ಟುಕೊಂಡು ಮುತ್ತುತ್ತಿದ್ದವು. ಎಲ್ಲಕ್ಕಿಂತ ದೊಡ್ಡದಕ್ಕೆ ಅವರು ಇಟ್ಟಿದ್ದ ಹೆಸರು ಯಜಮಾನ. "ನಮ್ಮನೆಯವರನ್ನ ಜೀವಮಾನವಿಡೀ ಕರೆದೆ, ಒಂದು ಸಲಕ್ಕೆ ಎದ್ದು ಬಂದವರಲ್ಲ. ಇವನನ್ನ ನೋಡು!" ಎಂದು ನಗುತ್ತಿದ್ದರು.

ಬಲೆಯ ಸುದ್ದಿ ತಿಳಿಸಿದಾಗ ಅತ್ತೆ ಜಗಳಕ್ಕೆ ಬಂದಿರಲಿಲ್ಲ. ಬೇರೆ ಕೆರೆಗೆ ಬಿಡಲಾಗದೇ ಎಂದಷ್ಟೇ ಕೇಳಿದ್ದರು. ಬಿಟ್ಟರೆ ಆ ಕೆರೆಗೂ ಇದೇ ಗತಿ, ಮೀನುಗಳೆಲ್ಲ ಗೊಬ್ಬರಕ್ಕೆ ಹೋಗುತ್ತವೆ ಎಂದು ಸೊಸೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. "ಹಾಗಾದ್ರೆ ಆ ದಿನ ನಾನು ಹೊರಗೆ ಬರಲ್ಲ," ಎಂದು ಅವರು ಮಾತು ಮುಗಿಸಿದ್ದರು.

ಈಗ ಅವಳು ಮನೆಗೆ ಬಂದಾಗ ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಮುಗೀತಾ?"

"ಇಲ್ಲ ಅತ್ತೆ. ದೊಡ್ಡವು ಸಿಗ್ತಾ ಇಲ್ಲ." ಅವಳೂ ಒಂದು ಬಟ್ಟೆ ಎತ್ತಿಕೊಂಡಳು. "ನೀವು ಒಂದ್ಸಲ ಬಂದು... ಕರೆದ್ರೆ..."

ಅತ್ತೆಯ ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು. "ಹಾಗೆ ಕೇಳೋಕೆ ನಿನಗೆ ಹೇಗಮ್ಮ ಬಾಯಿ ಬಂತು?"

"ಬರ್ಲಿಲ್ಲ ಅತ್ತೆ. ಅರ್ಧ ಮೆಟ್ಟಿಲು ಹತ್ತಿ ವಾಪಸ್ ಇಳಿದಿದ್ದೆ."

"ಅವು ಇದ್ರೆ ಕೆರೆ ನಿಜವಾಗ್ಲೂ ಬದುಕಲ್ವಾ?"

"ಬದುಕಲ್ಲ."

ಸುಳ್ಳು ಹುಡುಕುವವರಂತೆ ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಟವೆಲ್ಲನ್ನು ನೀಟಾಗಿ ಮಡಿಸಿ ರಾಶಿಯ ಮೇಲಿಟ್ಟು, ಅಡುಗೆಮನೆಯಿಂದ ಬ್ರೆಡ್ಡಿನ ಪೊಟ್ಟಣ ತಂದರು. "ಬರೀಗೈಲಿ ಕರೆಯೋಕೆ ನನ್ನಿಂದಾಗಲ್ಲ," ಎಂದರು.

ಬಲೆಯನ್ನು ಮೆಟ್ಟಿಲಿನ ಸುತ್ತ ಅರ್ಧಚಂದ್ರದಂತೆ ಮುಳುಗಿಸಿ ಆಳುಗಳು ಉಸಿರು ಬಿಗಿಹಿಡಿದು ನಿಂತಿದ್ದರು. ಅತ್ತೆ ಮೆಟ್ಟಿಲು ಕುಟ್ಟಿದರು, ಕರೆದರು. ಧ್ವನಿ ನಡುಗಿತು. ಆದರೂ ಮೀನುಗಳಿಗೆ ಗುರುತು ಸಿಕ್ಕಿತು. ಒಂದೊಂದಾಗಿ ಆಳದಿಂದ ಎದ್ದು ಬಂದವು. ಯಜಮಾನ ಎಂದಿನಂತೆ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಮುಖಂಡ ಸನ್ನೆಗಾಗಿ ಮೇಡಂ ಕಡೆ ನೋಡಿದ. ಅವಳು ಸನ್ನೆ ಮಾಡಲಿಲ್ಲ. ಅತ್ತೆಯ ಕೈಯ ಬ್ರೆಡ್ಡಿನ ಕೊನೆಯ ಚೂರು ನೀರಿಗೆ ಬಿದ್ದು, ಅದನ್ನೂ ಅವು ನುಂಗಿದ ಮೇಲೆ ತಲೆಯಾಡಿಸಿದಳು.

ಬಲೆ ಎದ್ದಿತು. ನೀರು ಕೊತಕೊತ ಕುದಿದಂತಾಯಿತು. ಅತ್ತೆ ಮುಖ ತಿರುಗಿಸಲಿಲ್ಲ, ನೋಡುತ್ತಲೇ ನಿಂತರು. ಯಜಮಾನನನ್ನು ಇಬ್ಬರು ಹಿಡಿದೆತ್ತಿದಾಗ ಮುಖಂಡ ಕೂಗಿದ: "ಅಬ್ಬಾ! ಹೆಣ್ಣು ಮೀನು ಮೇಡಂ, ಹೊಟ್ಟೆ ತುಂಬ ಮೊಟ್ಟೆ!"

"ಹೆಣ್ಣಾ?" ಎಂದರು ಅತ್ತೆ. ಮತ್ತೆ ತಮ್ಮಷ್ಟಕ್ಕೇ ಅಂದುಕೊಂಡರು: "ಅದಕ್ಕೇ ಕರೆದಾಗೆಲ್ಲ ಬರ್ತಿದ್ದಿದ್ದು."

ಆಮೇಲೆ ಅವರು ಕೆರೆಯ ಕಡೆ ಹೋಗುವುದನ್ನೇ ಬಿಟ್ಟರು. ಸೊಸೆಯ ಜೊತೆ ಉಪ್ಪು ಹುಳಿಯ ಮಾತು, ಟೀವಿಯ ಮಾತು ಎಲ್ಲ ಆಡುತ್ತಿದ್ದರು, ಕೆರೆಯದೊಂದನ್ನು ಬಿಟ್ಟು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅವಳೇ ಕೈ ಹಿಡಿದು, ಬಲವಂತ ಮಾಡಿ ಕರೆತಂದಳು.

"ಬಗ್ಗಿ ನೋಡಿ ಅತ್ತೆ."

ನೀರಿನ ತಳ ಕಾಣುತ್ತಿತ್ತು. ನೆಟ್ಟ ಗಿಡಗಳು ಬೇರೂರಿ ಮೆಲ್ಲಗೆ ತೂಗಾಡುತ್ತಿದ್ದವು, ಎಲೆಗಳಿಗೆ ಬಸವನಹುಳುಗಳು ಅಂಟಿಕೊಂಡಿದ್ದವು. ನಡುವೆ ಗೆಂಡೆಯಲ್ಲದ, ಈ ಕೆರೆಯದೇ ಮೂಲದ ಮೀನುಗಳ ಉಗುರಿನಷ್ಟು ಉದ್ದದ ಮರಿಗಳ ಹಿಂಡು. ಅತ್ತೆ ಬಗ್ಗಿದ್ದೇ ತಡ, ಅವರ ನೆರಳು ಬಿದ್ದು ಮರಿಗಳು ಚೆಲ್ಲಾಪಿಲ್ಲಿಯಾಗಿ ಗಿಡಗಳೊಳಗೆ ಮಾಯವಾದವು.

"ಹೆದರಿಬಿಟ್ಟವು," ಎಂದು ಸೊಸೆ ನಕ್ಕಳು. "ದಿನಾ ಬನ್ನಿ ಅತ್ತೆ, ನಿಮ್ಮ ಗುರುತು ಹಿಡೀತವೆ."

ಅತ್ತೆ ನೀರಿನ ಮೇಲೆ ನೆರಳು ಬೀಳದಷ್ಟು ಹಿಂದೆ ಸರಿದು ನಿಂತರು.

"ಬೇಡಮ್ಮ," ಎಂದರು. "ಇವು ಹೆದರಿಕೊಂಡೇ ಇರಲಿ."