ಈ ಕಡೆ ತಿರುಗಿದ ತವರು

ಹೊಯಿಗೆಕುದ್ರು ಎಂಬ ಮರಳು ದ್ವೀಪ ಪ್ರತಿ ಮಳೆಗಾಲದಲ್ಲೂ ಕಡಲಲ್ಲಿ ಒಂದಿಷ್ಟು ದೂರ ನಡೆಯುತ್ತಿತ್ತು. ಬೆನ್ನ ಮೇಲಿನ ಹಳೆಯ ದೀಪಸ್ತಂಭ, ಪಾಳುಮನೆಗಳು, ಆಮೆಗಳು ಮೊಟ್ಟೆಯಿಡುವ ದಂಡೆ, ಎಲ್ಲವೂ ಅದರ ಜೊತೆಗೇ ಹೋಗುತ್ತಿದ್ದವು. ನಡೆಯುವ ದ್ವೀಪವನ್ನು ಯಾರೂ ತಡೆಯಬಾರದು, ಅದರ ಮೇಲೆ ವಾಸಿಸಲೂ ಬಾರದು ಎಂಬ ಕಾನೂನು ಬಂದ ಮೇಲೆ, ಅಲ್ಲಿ ಹುಟ್ಟಿದವರಿಗೂ ಅವರ ಮನೆಯವರಿಗೂ ವರ್ಷಕ್ಕೊಂದು ದಿನ ಮಾತ್ರ ಪ್ರವೇಶವಿತ್ತು.

ಆ ದಿನ ಬಾಬಿ ತನ್ನ ಗಂಡ ಸೂರ ಮೊಗವೀರನನ್ನು ಎಳೆದುಕೊಂಡೇ ಬಂದಿದ್ದಳು. ತವರುಮನೆಯ ಮೆಟ್ಟಿಲು ಗುಡಿಸಿ, ಬಾವಿಕಟ್ಟೆಯ ಮೇಲೆ ಹೂವಿಟ್ಟಳು. ಅಷ್ಟರಲ್ಲಿ ದ್ವೀಪದ ಕಾವಲುಗಾರ ಭಾಸ್ಕರ ಬಂದು ತಲೆ ಕೆರೆದುಕೊಂಡ.

“ಬಾಬಿಯಕ್ಕ, ಈ ಸಲ ಕುದ್ರು ದಡದಲ್ಲಿಪ್ಪ ನಿಮ್ಮನಿ ಬದಿಗೇ ತಿರುಗಿತ್. ಬಪ್ಪ ಮಳೆಗಾಲಕ್ಕೆ ದಡ ಮುಟ್ಟತ್. ನೀವ್ ಮನಿ ಖಾಲಿ ಮಾಡಿ ದಾರಿ ಬಿಡ್ಕ್.”

ಸೂರನ ಮುಖ ಬಿಳಿಚಿಕೊಂಡಿತು. “ನನ್ನಪ್ಪ ಕಟ್ಟಿಸಿದ್ ಮನಿ ಅದ್, ಮಾರಾಯ!”

ಬಾಬಿ ಮದುವೆಯಾಗಿ ಬಂದು ಬಾಳಿ ಬದುಕಿದ್ದೂ ಆ ಮನೆಯಲ್ಲೇ. ಆದರೂ ಗಂಡನ ಮುಖ ಕಂಡು ನಗು ತಡೆಯಲಾಗಲಿಲ್ಲ.

“ಮದಿ ಆದಲ್ಲಿಂದ ಒಂದ್ ರಾತ್ರಿ ಆದ್ರೂ ನನ್ ತವರಲ್ಲಿ ಉಳ್ದವ್ರಾ ನೀವ್? ಕರ್ದಾಗೆಲ್ಲ ಮೀನ್ ಹಿಡೂ ಬಲಿ ಹೊಲೂಕಿತ್ ಅಂದ್ರಿ. ಈಗ ಕಾಣಿ, ತವರೇ ಎದ್ದ್ ಅಳಿಯನ್ನ ಕರೂಕೆ ಬತ್ತಾ ಇತ್!”

ಭಾಸ್ಕರ ಮುಖ ತಿರುಗಿಸಿ ನಕ್ಕ. ಸೂರ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಹೆಂಡತಿಯ ಬಳಿ ಕುಳಿತು, ಅಂಗೈಯಿಂದ ಮರಳನ್ನು ಮೆಲ್ಲಗೆ ತಟ್ಟಿದ.

“ಅವಸರ ಎಂತ ಇಲ್ಲೆ,” ಎಂದ ದ್ವೀಪಕ್ಕೆ, ಮಾವನೆದುರು ನಿಂತವನ ವಿನಯದಲ್ಲಿ. “ನಿಧಾನ ಬನ್ನಿ.”